ಹಿ, ಹಿಯ, ಅವಳು: ಗಂಗೊಳ್ಳಿಯಿಂದ ನೋಡಿದಾಗ ಸರ್ವನಾಮದ ಲಿಂಗ

ಗಂಗೊಳ್ಳಿಯ ನವಾಯತ ಮುಸ್ಲಿಮರ ಮನೆಯೊಂದರ ಮಗು ಬೆಳಿಗ್ಗೆ ಮದರಸಾದಲ್ಲಿ ‘ಹುವ, ಹುಮಾ, ಹುಂ’ ಎಂದು ಅರಬಿ ಸರ್ವನಾಮಗಳನ್ನು ಬಾಯಿಪಾಠ ಮಾಡುತ್ತದೆ. ಅದೇ ಮಗು ಹತ್ತು ಗಂಟೆಯ ಮೇಲೆ ಶಾಲೆಯ ಬೆಂಚಿನಲ್ಲಿ ಕೂತು ‘ಐ, ವಿ, ಯು, ಹಿ, ಶಿ, ಇಟ್, ದೇ’ ಎಂದು ಇಂಗ್ಲಿಷಿನವನ್ನು ಬರೆಯುತ್ತದೆ. ಎರಡೂ ಕಡೆ ಪಟ್ಟಿಯಿದೆ, ಎರಡೂ ಕಡೆ ಕಂಠಪಾಠವಿದೆ. ಆದರೆ ಆ ಎರಡು ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು, ‘ಇಲ್ಲಿ ಗಂಡು ಹೆಣ್ಣಿನ ಭೇದ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ, ನಿನ್ನ ಮನೆಯ ಮಾತಿನಲ್ಲಿ ಹೇಗೆ’ ಎಂದು ಆ ಮಗುವನ್ನು ಕೇಳುವ ಪಾಠ ಎಲ್ಲಿಯೂ ಇಲ್ಲ. ಮದರಸಾದ ಉಸ್ತಾದರಿಗೆ ಇಂಗ್ಲಿಷ್ ತಮ್ಮ ವಿಷಯವಲ್ಲ, ಶಾಲೆಯ ಮೇಷ್ಟ್ರಿಗೆ ಅರಬಿ ತಮ್ಮ ವಿಷಯವಲ್ಲ. ಎರಡರ ನಡುವೆ ಓಡಾಡುವುದು ಮಗು ಒಂದೇ.

ಮೇಲಿನ ವಾಕ್ಯಗಳಲ್ಲಿ ಆ ಮಗು ಹುಡುಗನೋ ಹುಡುಗಿಯೋ ಎಂದು ಹೇಳುವ ಅಗತ್ಯ ಕನ್ನಡದಲ್ಲಿ ಬರಲಿಲ್ಲ. ‘ಮಗು ಬರೆಯುತ್ತದೆ’ ಎಂದರೆ ಮುಗಿಯಿತು. ಅರಬಿಯಲ್ಲಿ ಇದನ್ನೇ ಬರೆಯಹೊರಟರೆ ಮೊದಲ ಪದದಲ್ಲೇ ತೀರ್ಮಾನವಾಗಬೇಕು: ‘ತಿಫ್ಲ್’ ಎಂದರೆ ಗಂಡು ಮಗು, ‘ತಿಫ್ಲ’ ಎಂದರೆ ಹೆಣ್ಣು ಮಗು. ಇಂಗ್ಲಿಷಿನಲ್ಲಿ ‘ಚೈಲ್ಡ್’ ಎಂದು ತಪ್ಪಿಸಿಕೊಳ್ಳಬಹುದು, ಆದರೆ ಮುಂದಿನ ವಾಕ್ಯಕ್ಕೆ ಸರ್ವನಾಮ ಬೇಕಾದಾಗ ಹಿ, ಶಿ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಈ ಮೂರು ನಡವಳಿಕೆಗಳ ವ್ಯತ್ಯಾಸವೇ ಈ ಲೇಖನದ ವಿಷಯ.

ಇದನ್ನು ನೋಡಲು ಗಂಗೊಳ್ಳಿಗಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಕುಂದಾಪುರದಿಂದ ಕಣ್ಣಳತೆಯಲ್ಲಿದ್ದರೂ ರಸ್ತೆಯಲ್ಲಿ ಹೋಗುವುದಾದರೆ ತ್ರಾಸಿಯ ಮೇಲೆ ಸುತ್ತಿ ಬರಬೇಕಾದ ಈ ಬಂದರು ಊರಿನಲ್ಲಿ ಖಾರ್ವಿಗಳ ಕೊಂಕಣಿ, ಗೌಡ ಸಾರಸ್ವತರ ಕೊಂಕಣಿ, ಕ್ರೈಸ್ತರ ಕೊಂಕಣಿ ಮೂರೂ ಮೂರು ಧಾಟಿಯಲ್ಲಿ ಕೇಳುತ್ತವೆ. ನವಾಯತರ ಮನೆಗಳಲ್ಲಿ ನವಾಯತಿ. ಅದೂ ಕೊಂಕಣಿಯ ಬಳಗದ್ದೇ. ಅರಬಿ, ಪಾರಸಿ ಪದಗಳು ಬೆರೆತಿವೆ, ಬರೆಯುವುದು ಅರಬಿ ಮೂಲದ ಲಿಪಿಯಲ್ಲಿ. ಜೊತೆಗೆ ಉರ್ದು ಇದೆ. ಎಲ್ಲರೂ ಕೂಡಿದಲ್ಲಿ ಕುಂದಾಪ್ರ ಕನ್ನಡ. ದಕ್ಷಿಣಕ್ಕೆ ಬ್ರಹ್ಮಾವರ ದಾಟುತ್ತಿದ್ದಂತೆ ತುಳು ಶುರು. ಅರಬಿ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಾಗಿದ ಇಬ್ನ್ ಬತೂತ ‘ಅಬೂ ಸರೂರ್’ ಎಂಬ, ದೊಡ್ಡ ಅಳಿವೆಯ ಮೇಲಿನ ತೆಂಗಿನ ಊರನ್ನು ಹೆಸರಿಸುತ್ತಾನೆ. ವಿದ್ವಾಂಸರು ಅದನ್ನು ಬಸ್ರೂರು ಎಂದು ಗುರುತಿಸುತ್ತಾರೆ. ಅವನ ‘ಫಾಕನೂರ್’ ಬಾರಕೂರು. ಬಸ್ರೂರಿನ ವಾರಾಹಿ ಬಂದು ಸೇರುವುದು ಗಂಗೊಳ್ಳಿಯ ಅಳಿವೆಗೇ.

ಮೊದಲು ಇಂಗ್ಲಿಷ್. ಕರ್ತೃಸ್ಥಾನದಲ್ಲಿ ಬರುವ ಅದರ ಏಳು ಸರ್ವನಾಮಗಳಲ್ಲಿ ಲಿಂಗ ಇರುವುದು ಮೂರರಲ್ಲಿ ಮಾತ್ರ: ಹಿ, ಶಿ, ಇಟ್. ಅಂದರೆ ಪ್ರಥಮ ಪುರುಷ ಏಕವಚನದಲ್ಲಿ. ಬಹುವಚನಕ್ಕೆ ಹೋದ ಕೂಡಲೇ ಗಂಡಸರು, ಹೆಂಗಸರು, ದೋಣಿಗಳು, ಮೀನುಗಳು ಎಲ್ಲವೂ ‘ದೇ’. ಅಷ್ಟೇ ಅಲ್ಲ, ಸರ್ವನಾಮ ಬಿಟ್ಟರೆ ಇಂಗ್ಲಿಷಿನ ವಾಕ್ಯದಲ್ಲಿ ಬೇರೆಲ್ಲೂ ಲಿಂಗ ಕೆಲಸ ಮಾಡುವುದಿಲ್ಲ. ಕ್ರಿಯಾಪದ ಗಂಡಿಗೊಂದು ಹೆಣ್ಣಿಗೊಂದು ಎಂದು ಬದಲಾಗದು, ವಿಶೇಷಣವೂ ಬದಲಾಗದು. ಇಂಗ್ಲಿಷಿನಿಂದ ಹಿ, ಶಿ ಎರಡನ್ನು ತೆಗೆದರೆ ಅದರ ವ್ಯಾಕರಣದಲ್ಲಿ ಗಂಡು ಹೆಣ್ಣಿನ ಭೇದವೇ ಇಲ್ಲವೆನ್ನಬಹುದು.

ಯಾವಾಗಲೂ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಪ್ರತಿ ನಾಮಪದಕ್ಕೂ ಲಿಂಗವಿತ್ತು, ಅದು ಅರ್ಥವನ್ನು ನೋಡುತ್ತಲೂ ಇರಲಿಲ್ಲ. ಕಲ್ಲು ಪುಲ್ಲಿಂಗ. ಹೆಂಗಸು ಎಂಬ ಅರ್ಥದ ‘ವೀಫ್’ ನಪುಂಸಕ. ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಅರಬಿಯಲ್ಲಿ ಇವತ್ತಿಗೂ ಹಾಗೆಯೇ: ಸೂರ್ಯ, ಅಂದರೆ ‘ಶಮ್ಸ್’, ಸ್ತ್ರೀಲಿಂಗ, ಚಂದ್ರ, ‘ಕಮರ್’, ಪುಲ್ಲಿಂಗ. ಎಲ್ಲಿಯ ಹಳೆಯ ಇಂಗ್ಲಿಷ್, ಎಲ್ಲಿಯ ಅರಬಿ. ಈ ಒಂದು ವಿಷಯದಲ್ಲಿ ಒಂದೇ ಮಾತು. 11ರಿಂದ 14ನೇ ಶತಮಾನದೊಳಗೆ ನಾಮಪದಗಳ ಕೊನೆಯ ಪ್ರತ್ಯಯಗಳು ಸವೆದುಹೋದವು. ಅವುಗಳ ಜೊತೆಗೆ ಲಿಂಗವೂ ಹೋಯಿತು, ಉಳಿದದ್ದು ಸರ್ವನಾಮದಲ್ಲಿ. ಅಲ್ಲಿಯೂ ಗಂಡಾಂತರ ಬಂದಿತ್ತು. ‘ಅವನು’ ಎಂಬ ‘ಹೇ’, ‘ಅವಳು’ ಎಂಬ ‘ಹೇಒ’ ಎರಡೂ ಉಚ್ಚಾರದಲ್ಲಿ ಒಂದಾಗುವ ಹಂತಕ್ಕೆ ಬಂದವು. ಆಗ ‘ಶಿ’ ರೂಪ ಬಳಕೆಗೆ ಬಂತು. ಅದರ ತೀರ ಹಳೆಯ ದಾಖಲೆ ಸಿಗುವುದು 12ನೇ ಶತಮಾನದ ಪೀಟರ್‌ಬರೊ ವೃತ್ತಾಂತದಲ್ಲಿ. ‘ದೇ’ ಸ್ಕ್ಯಾಂಡಿನೇವಿಯಾದ ನಾರ್ಸ್ ಭಾಷೆಯಿಂದ ಬಂದ ಎರವಲು. ನಮ್ಮ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುವ ಪಟ್ಟಿ ಹೀಗೆ ಬೇರೆ ಬೇರೆ ಕಾಲದಲ್ಲಿ ಜೋಡಿಸಿಕೊಂಡದ್ದು.

ಅರಬಿಯ ಸ್ಥಿತಿ ತೀರ ಬೇರೆ. ಶಿಷ್ಟ ಅರಬಿಯಲ್ಲಿ ಬಿಡಿಯಾಗಿ ನಿಲ್ಲುವ ಸರ್ವನಾಮಗಳು ಹನ್ನೆರಡು. ‘ಅನ’ ನಾನು, ‘ನಹ್ನು’ ನಾವು. ಈ ಎರಡಕ್ಕೆ ಲಿಂಗವಿಲ್ಲ. ‘ಅಂತುಮಾ’ ನೀವಿಬ್ಬರು, ‘ಹುಮಾ’ ಅವರಿಬ್ಬರು. ಈ ದ್ವಿವಚನಗಳಿಗೂ ಇಲ್ಲ. ಉಳಿದ ಎಂಟಕ್ಕೂ ಉಂಟು. ಗಂಡಸಿಗೆ ‘ಅಂತ’, ಹೆಂಗಸಿಗೆ ‘ಅಂತಿ’. ಗಂಡಸರಾದರೆ ‘ಅಂತುಂ’, ಹೆಂಗಸರಾದರೆ ‘ಅಂತುನ್ನ’. ಅವನು ‘ಹುವ’, ಅವಳು ‘ಹಿಯ’. ಅವರು ಗಂಡಸರಾದರೆ ‘ಹುಂ’, ಹೆಂಗಸರೇ ಆದರೆ ‘ಹುನ್ನ’. ಕೇಳಿ ಕಲಿಯುವ ಮಗುವಿಗೆ ಇಲ್ಲೊಂದು ತೊಡಕು ಕಾದಿರುತ್ತದೆ: ಶಾಲೆಯಲ್ಲಿ ‘ಹಿ’ ಎಂದರೆ ಅವನು, ಮದರಸಾದಲ್ಲಿ ‘ಹಿಯ’ ಎಂದರೆ ಅವಳು.

ಇಂಗ್ಲಿಷಿನಲ್ಲಿ ಲಿಂಗಕ್ಕೆ ಸರ್ವನಾಮವೇ ಕೊನೆಯ ಆಸರೆ. ಅರಬಿಯಲ್ಲಿ ವಾಕ್ಯದ ತುಂಬ ಲಿಂಗವಿದೆ, ಸರ್ವನಾಮ ಅದರ ಒಂದು ಭಾಗ ಅಷ್ಟೆ. ‘ಕತಬ’ ಅವನು ಬರೆದ, ‘ಕತಬತ್’ ಅವಳು ಬರೆದಳು. ‘ತಕ್ತುಬು’ ನೀನು ಬರೆಯುತ್ತೀ ಎಂದು ಗಂಡಸಿಗೆ, ‘ತಕ್ತುಬೀನ’ ಎಂದು ಹೆಂಗಸಿಗೆ. ದ್ವಿವಚನದ ‘ಹುಮಾ’ಕ್ಕೆ ಲಿಂಗವಿಲ್ಲ ಎಂದೆನಲ್ಲ, ಅದರ ಭೂತಕಾಲದ ಕ್ರಿಯಾಪದಕ್ಕೆ ಉಂಟು: ಇಬ್ಬರು ಗಂಡಸರಾದರೆ ‘ಕತಬಾ’, ಇಬ್ಬರು ಹೆಂಗಸರಾದರೆ ‘ಕತಬತಾ’. ‘ಅವನ ಪುಸ್ತಕ’ ‘ಕಿತಾಬುಹು’, ‘ಅವಳ ಪುಸ್ತಕ’ ‘ಕಿತಾಬುಹಾ’ ಎಂದು ನಾಮಪದದ ಬಾಲಕ್ಕೇ ಸರ್ವನಾಮ ಅಂಟುತ್ತದೆ. ನಪುಂಸಕವಂತೂ ಇಲ್ಲವೇ ಇಲ್ಲ. ಮೇಜು, ಬಾಗಿಲು, ಸಮುದ್ರ ಎಲ್ಲವೂ ಒಂದೋ ಹುವ, ಇಲ್ಲವೇ ಹಿಯ.

ಇಲ್ಲಿ ಕನ್ನಡದವರಿಗೆ ಬಹಳ ವಿಚಿತ್ರವೆನಿಸುವ ನಿಯಮ ಒಂದಿದೆ. ಮನುಷ್ಯರಲ್ಲದವುಗಳ ಬಹುವಚನಕ್ಕೆ ಅರಬಿಯಲ್ಲಿ ಸ್ತ್ರೀಲಿಂಗ ಏಕವಚನ ಬರುತ್ತದೆ. ‘ಕಿತಾಬ್’ ಎಂಬ ಒಂದು ಪುಸ್ತಕ ‘ಹುವ’. ‘ಕುತುಬ್’ ಎಂಬ ಹಲವು ಪುಸ್ತಕಗಳು ‘ಹಿಯ’. ಮದರಸಾದ ವಿದ್ಯಾರ್ಥಿ ಇದನ್ನು ಅಪವಾದ ಎಂದು ಉರು ಹೊಡೆಯುತ್ತಾನೆ. ಆದರೆ ‘ಅವರು’ ಮತ್ತು ‘ಅವು’ ಎಂಬ ಭೇದ ಗೊತ್ತಿರುವ ಕನ್ನಡದ ಮಗುವಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿಕೊಡಬಹುದು: ಕನ್ನಡದಲ್ಲಿ ಎಲ್ಲೆಲ್ಲಿ ‘ಅವು’ ಬರುತ್ತದೋ ಅಲ್ಲೆಲ್ಲ ಅರಬಿಯಲ್ಲಿ ‘ಹಿಯ’ ಹಾಕು. ಮಕ್ಕಳ ವಿಷಯ, ದ್ವಿವಚನ ಬೇಕಾಗುವ ಎರಡೇ ವಸ್ತುಗಳ ವಿಷಯ ಇಂಥ ಕೆಲವೆಡೆ ಬಿಟ್ಟರೆ ಇದು ಕೈಕೊಡುವುದಿಲ್ಲ. ಇಂಗ್ಲಿಷಿನ ‘ದೇ’ ಹಿಡಿದುಕೊಂಡು ಹೊರಟರೆ ಮಾತ್ರ ದಾರಿ ಕಾಣುವುದಿಲ್ಲ, ಯಾಕೆಂದರೆ ಮನುಷ್ಯರನ್ನೂ ವಸ್ತುಗಳನ್ನೂ ಅದು ಬೇರೆ ಮಾಡುವುದೇ ಇಲ್ಲ.

ಕನ್ನಡದ ಲಿಂಗ ನಿಂತಿರುವುದು ಅರ್ಥದ ಮೇಲೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ. ಈ ವಿಷಯದಲ್ಲಿ ಅದು ಇವತ್ತಿನ ಇಂಗ್ಲಿಷಿಗೆ ಹತ್ತಿರ. ಆದರೆ ಲಿಂಗ ಸರ್ವನಾಮದಲ್ಲೇ ನಿಲ್ಲದೆ ಕ್ರಿಯಾಪದಕ್ಕೂ ಹಬ್ಬುವ ವಿಷಯದಲ್ಲಿ ಅರಬಿಗೆ ಹತ್ತಿರ. ‘ಬಂದನು, ಬಂದಳು, ಬಂದಿತು’ ಎಂಬಲ್ಲಿ ಕರ್ತೃವನ್ನು ಹೇಳದಿದ್ದರೂ ಯಾರೆಂದು ತಿಳಿಯುತ್ತದೆ, ‘ಕತಬತ್’ ಎಂದರೆ ತಿಳಿಯುವ ಹಾಗೆ. ಆದರೆ ನಿಷೇಧದಲ್ಲಿ ಈ ಗುರುತು ಅಳಿಸಿಹೋಗುತ್ತದೆ. ಅವನು ಬರಲಿಲ್ಲ, ಅವಳು ಬರಲಿಲ್ಲ, ಬಸ್ಸು ಬರಲಿಲ್ಲ: ಎಲ್ಲಕ್ಕೂ ಒಂದೇ ರೂಪ. ಹಳಗನ್ನಡದಲ್ಲಿ ಬಾರನು, ಬಾರಳು ಎಂದು ಅಲ್ಲಿಯೂ ಲಿಂಗವಿತ್ತು.

ಅರ್ಥದ ಮೇಲೆ ನಿಂತದ್ದು ಎಂದಮಾತ್ರಕ್ಕೆ ಎಲ್ಲವೂ ಸರಳವೆಂದಲ್ಲ. ನಮ್ಮ ಶಾಲಾ ವ್ಯಾಕರಣಗಳು ಪುನ್ನಪುಂಸಕ, ಸ್ತ್ರೀನಪುಂಸಕ, ನಿತ್ಯನಪುಂಸಕ ಎಂದೆಲ್ಲ ವಿಭಾಗ ಮಾಡಿರುವುದು ಸುಮ್ಮನೆ ಅಲ್ಲ. ಸೂರ್ಯ ಮೂಡಿದನು ಎನ್ನಬಹುದು, ಮೂಡಿತು ಎನ್ನಲೂಬಹುದು. ಹುಡುಗಿ ಬಂದಳು, ಹುಡುಗಿ ಬಂತು ಎರಡೂ ಸರಿ. ಮದುವೆಯ ಮಾತುಕತೆಯಲ್ಲಿ ‘ಹೆಣ್ಣು ಹೇಗಿದೆ, ಗಂಡು ಏನು ಓದಿದೆ’ ಎಂದು ಇಬ್ಬರನ್ನೂ ನಪುಂಸಕದಲ್ಲೇ ವಿಚಾರಿಸುತ್ತೇವೆ. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕ ಕನ್ನಡದಲ್ಲಿ ‘ಅಕ್ಕ ಬಂತು’ ಎಂಬುದೇ ದಿನಬಳಕೆಯ ಮಾತು. ಅದರಲ್ಲಿ ಅಸಡ್ಡೆಯ ಸೋಂಕೂ ಇಲ್ಲ, ಮನೆಮಾತಿನ ಸಲಿಗೆ ಅದು. ತೆಲುಗಿನಲ್ಲಿ ಒಬ್ಬ ಹೆಂಗಸು ಬಂದರೂ ಒಂದು ದನ ಬಂದರೂ ಕ್ರಿಯಾಪದ ಒಂದೇ. ದ್ರಾವಿಡ ಭಾಷೆಗಳಲ್ಲಿ ಹೆಣ್ಣಿನ ಜಾಗ ಮನುಷ್ಯರ ಕಡೆಗೋ ‘ಅದು’ವಿನ ಕಡೆಗೋ ಎಂಬುದು ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಈ ಮಾತನ್ನು ವಿವರವಾಗಿ ಎತ್ತಿಕೊಂಡಿದ್ದ.

ಕೊಂಕಣಿಗೆ ಬಂದರೆ ಮತ್ತೊಂದು ಲೋಕ. ಗಂಗೊಳ್ಳಿಯ ಬಂದರಿನಲ್ಲಿ ದೋಣಿಯಿಂದ ಇಳಿಸಿದ ಒಂದು ಬುಟ್ಟಿ ಮೀನನ್ನೇ ನೋಡಿ. ಕನ್ನಡದವನಿಗೆ ಅದರಲ್ಲಿರುವುದೆಲ್ಲ ‘ಅದು’ ಅಥವಾ ‘ಅವು’. ಇಂಗ್ಲಿಷಿಗೆ ‘ಇಟ್’, ‘ದೇ’. ಕೊಂಕಣಿಯವರ ಬಾಯಲ್ಲಿ ಬಂಗುಡೆ ‘ಬಾಂಗ್ಡೊ’, ಅದು ಪುಲ್ಲಿಂಗ, ‘ತೊ’. ಬೂತಾಯಿ ‘ತಾರ್ಲೊ’, ಅದೂ ‘ತೊ’. ಏಡಿ ‘ಕುರ್ಲಿ’, ಸ್ತ್ರೀಲಿಂಗ, ‘ತಿ’. ಸಿಗಡಿ ‘ಸುಂಗಟ್’, ನಪುಂಸಕ, ‘ತೆಂ’. ಅರಬಿಗೆ ಬಂದರೆ ಲೆಕ್ಕ ಮತ್ತೆ ಬೇರೆ. ಮೀನು ಎಂಬ ಒಟ್ಟು ಜಾತಿಗೆ ‘ಸಮಕ್’, ಪುಲ್ಲಿಂಗ. ಅದರಲ್ಲಿ ಎಣಿಸಿ ತೆಗೆದ ಒಂದು ಮೀನಿಗೆ ‘ಸಮಕ’, ಸ್ತ್ರೀಲಿಂಗ. ಮೀನಿನ ಮೈಯಲ್ಲಿ ಗಂಡು ಹೆಣ್ಣು ಇರುವುದಕ್ಕೂ ಈ ಲಿಂಗಕ್ಕೂ ಸಂಬಂಧವಿಲ್ಲ. ಬುಟ್ಟಿ ಒಂದೇ, ಅದನ್ನು ಭಾಗ ಮಾಡುವ ಕ್ರಮ ಮಾತ್ರ ಭಾಷೆಗೊಂದು.

ಅರಬಿ ಕಲಿಸುವವರು ಗಮನಿಸಬೇಕಾದ ವಿಷಯ ಇದರಲ್ಲೇ ಇದೆ. ಮೇಜಿಗೆ ಯಾಕೆ ಲಿಂಗ ಎಂದು ಕನ್ನಡ ಮನೆಮಾತಿನ ಮಗು ಕೇಳುತ್ತದೆ. ಕೊಂಕಣಿ, ನವಾಯತಿ, ಉರ್ದು ಮನೆಮಾತಿನ ಮಗುವಿಗೆ ಆ ಪ್ರಶ್ನೆಯೇ ಏಳುವುದಿಲ್ಲ. ವಸ್ತುಗಳಿಗೆ ಲಿಂಗವಿರುವುದು ಅದಕ್ಕೆ ಹಾಲಿನ ಜೊತೆ ಬಂದ ತಿಳಿವು. ಒಂದೇ ತರಗತಿಯಲ್ಲಿ ಈ ಎರಡು ಬಗೆಯ ಮಕ್ಕಳೂ ಕೂತಿದ್ದರೆ ಪಾಠ ಒಂದೇ ರೀತಿಯಲ್ಲಿ ತಾಗುವುದಿಲ್ಲ.

ಕೊಂಕಣಿಯಲ್ಲಿ ಇನ್ನೊಂದು ವಿಶೇಷವಿದೆ. ಹುಡುಗಿ ಎಂಬ ಅರ್ಥದ ‘ಚೆಡುಂ’ ನಪುಂಸಕ. ಚಿಕ್ಕ ಹುಡುಗಿಯರನ್ನು ‘ತೆಂ ಆಯ್ಲೆಂ’ ಎಂದು ನಪುಂಸಕದಲ್ಲೇ ಹೇಳುವುದು ರೂಢಿ. ದೊಡ್ಡವರಾದ ಮೇಲೆ ‘ತಿ ಆಯ್ಲಿ’. ಹಳೆಯ ಇಂಗ್ಲಿಷಿನ ‘ವೀಫ್’, ಜರ್ಮನ್ನಿನ ‘ಮೇಡ್ಶೆನ್’, ಕೊಂಕಣಿಯ ‘ಚೆಡುಂ’, ಕನ್ನಡದ ‘ಹೆಣ್ಣು ಬಂತು’: ಇಷ್ಟು ದೂರದೂರದ ಭಾಷೆಗಳು ಹೆಣ್ಣನ್ನು ನಪುಂಸಕದಲ್ಲಿ ಹೇಳುತ್ತವೆ. ಅರಬಿ ಹೇಳುವುದಿಲ್ಲ, ಹೇಳಲು ಅದರಲ್ಲಿ ನಪುಂಸಕವೇ ಇಲ್ಲ. ಇದನ್ನು ಹಿಡಿದು ಅರಬಿಯಲ್ಲಿ ಹೆಣ್ಣಿಗೆ ಹೆಚ್ಚು ಮರ್ಯಾದೆ, ಕೊಂಕಣಿಯಲ್ಲಿ ಕಡಿಮೆ ಎಂದು ತೀರ್ಪು ಕೊಡಹೊರಟರೆ ದಾರಿ ತಪ್ಪಿದಂತೆ. ಪಾರಸಿಯ ‘ಊ’, ತುರ್ಕಿಯ ‘ಓ’, ಉರ್ದುವಿನ ‘ವೋ’ ಯಾವುದಕ್ಕೂ ಲಿಂಗವಿಲ್ಲ. ಆ ಮಾತಾಡುವ ಸಮಾಜಗಳಲ್ಲಿ ಗಂಡು ಹೆಣ್ಣಿನ ತಾರತಮ್ಯ ಅಷ್ಟಕ್ಕೇ ಅಳಿದುಹೋಗಲಿಲ್ಲ. ಸರ್ವನಾಮದ ಪಟ್ಟಿಯಿಂದ ಸಮಾಜದ ಗುಣ ಅಳೆಯುವ ಬರಹಗಳು ಈಚೆಗೆ ಬಹಳ ಬರುತ್ತಿವೆ. ನನಗೆ ಅವುಗಳಲ್ಲಿ ನಂಬಿಕೆಯಿಲ್ಲ.

ಈಗ ನಾನು, ನೀನು ಎಂಬಲ್ಲಿಗೆ ಬರೋಣ. ಇಂಗ್ಲಿಷ್, ಕನ್ನಡ, ತುಳು ಮೂರರಲ್ಲಿಯೂ ಎದುರಿಗಿರುವವರನ್ನು ಕರೆಯುವ ಸರ್ವನಾಮಕ್ಕೆ ಲಿಂಗವಿಲ್ಲ. ಅರಬಿಯಲ್ಲಿದೆ. ಕನ್ನಡದಿಂದ ಅರಬಿಗೆ ಹೋದವರ ನಾಲಿಗೆ ಹೆಚ್ಚಾಗಿ ತೊಡರುವುದು ಇಲ್ಲೇ. ಹೆಂಗಸಿಗೂ ‘ಅಂತ’ ಎಂದುಬಿಡುತ್ತಾರೆ. ಹುವ, ಹಿಯ ತಪ್ಪುವುದು ಕಡಿಮೆ, ಯಾಕೆಂದರೆ ಅವನು, ಅವಳು ಎಂಬ ಭೇದ ಮೊದಲೇ ಇದೆ. ಹಾಗೆಯೇ ಇಂಗ್ಲಿಷಿನ ಹಿ, ಶಿ ನಮ್ಮ ಮಕ್ಕಳಿಗೆ ಕಷ್ಟವಾಗುವುದಿಲ್ಲ. ಬಂಗಾಳಿಯಲ್ಲಿ ಎರಡಕ್ಕೂ ಒಂದೇ ಸರ್ವನಾಮ, ಹಾಗಾಗಿ ಅಲ್ಲಿಯ ಮಕ್ಕಳಿಗೆ ಅದೇ ದೊಡ್ಡ ಕಷ್ಟ.

ಕೊಂಕಣಿಯಲ್ಲಿ ‘ಹಾಂವ್’ ಎಂಬ ‘ನಾನು’ವಿಗೆ ಲಿಂಗವಿಲ್ಲ, ಆದರೆ ಕ್ರಿಯಾಪದಕ್ಕೆ ಉಂಟು. ಗಂಡಸು ‘ಹಾಂವ್ ಗೆಲ್ಲೊ’ ಎಂದರೆ ಹೆಂಗಸು ‘ಹಾಂವ್ ಗೆಲ್ಲಿ’ ಎನ್ನಬೇಕು. ಉಚ್ಚಾರ ಧಾಟಿಗೊಂದು ಬಗೆ. ಉರ್ದುವಿನಲ್ಲಿಯೂ ‘ಮೈಂ ಗಯಾ’, ‘ಮೈಂ ಗಯೀ’. ಅರಬಿಯಲ್ಲಿ ‘ಕತಬ್ತು’, ನಾನು ಬರೆದೆ, ಇಬ್ಬರಿಗೂ ಒಂದೇ. ‘ನಾನು ವಿದ್ಯಾರ್ಥಿ’ ಎನ್ನುವಾಗ ಮಾತ್ರ ‘ತಾಲಿಬ್’, ‘ತಾಲಿಬ’ ಎಂದು ಬೇರೆಯಾಗುತ್ತದೆ. ಅಂದರೆ ತನ್ನ ಬಗ್ಗೆ ಮಾತಾಡುವಾಗಲೂ ತನ್ನ ಲಿಂಗವನ್ನು ಹೇಳಿಕೊಳ್ಳುವ ಅಭ್ಯಾಸ ಗಂಗೊಳ್ಳಿಯ ಕೊಂಕಣಿ ಮಗುವಿಗೆ ಮನೆಯಲ್ಲೇ ಇದೆ. ಅರಬಿಯ ಅಂತ, ಅಂತಿ ಕಲಿಸಲು ಇದಕ್ಕಿಂತ ಒಳ್ಳೆಯ ಮೆಟ್ಟಿಲು ಇನ್ನೊಂದಿಲ್ಲ.

ಲೋಕದ ಭಾಷೆಗಳ ನಡುವೆ ಇವು ಎಲ್ಲಿ ನಿಲ್ಲುತ್ತವೆ? 2005ರಲ್ಲಿ ಮೊದಲು ಪ್ರಕಟವಾದ ಭಾಷಾ ರಚನೆಗಳ ವಿಶ್ವ ನಕಾಶೆಯಲ್ಲಿ ಆ್ಯನಾ ಸಿಯೆವಿಯೆರ್ಸ್ಕಾ 378 ಭಾಷೆಗಳ ಸರ್ವನಾಮಗಳನ್ನು ಪರಿಶೀಲಿಸಿದ್ದಾರೆ. ಅವುಗಳಲ್ಲಿ 254 ಭಾಷೆಗಳ ಸರ್ವನಾಮಗಳಿಗೆ ಲಿಂಗವೇ ಇಲ್ಲ. ಇಂಗ್ಲಿಷಿನ ಹಾಗೆ ಪ್ರಥಮ ಪುರುಷ ಏಕವಚನದಲ್ಲಷ್ಟೇ ಇರುವವು 61. ಅರಬಿಯ ಹಾಗೆ ನೀನು ಎಂಬಲ್ಲಿಗೋ ನಾನು ಎಂಬಲ್ಲಿಗೋ ಹಬ್ಬಿದವು ಬರೀ 18. ನಾವು ಸಹಜವೆಂದುಕೊಂಡ ಅವನು, ಅವಳು ಎಂಬ ಭೇದವೇ ಲೋಕದಲ್ಲಿ ಅಲ್ಪಸಂಖ್ಯಾತ. ಇದಕ್ಕೂ ಮೊದಲು, 1963ರಲ್ಲಿ, ಜೋಸೆಫ್ ಗ್ರೀನ್‌ಬರ್ಗ್ ಕೊಟ್ಟ 45 ಸಾಮಾನ್ಯ ಸೂತ್ರಗಳಲ್ಲಿ ಕೊನೆಯ ಮೂರೂ ಈ ವಿಷಯದವೇ. ಅವುಗಳಲ್ಲಿ ಒಂದರ ಪ್ರಕಾರ, ಬಹುವಚನದ ಸರ್ವನಾಮದಲ್ಲಿ ಲಿಂಗವಿದ್ದರೆ ಏಕವಚನದಲ್ಲಿಯೂ ಇರಲೇಬೇಕು. ಗಂಗೊಳ್ಳಿಯಲ್ಲಿ ಕೇಳುವ ಯಾವ ಭಾಷೆಯೂ ಇದನ್ನು ಮೀರಿಲ್ಲ.

ನಮ್ಮ ಕರಾವಳಿಯವರೇ ಆದ ಡಿ.ಎನ್. ಶಂಕರ ಭಟ್ಟರು ಈ ಚರ್ಚೆಗೆ ದೊಡ್ಡ ಕಾಣಿಕೆ ಕೊಟ್ಟಿದ್ದಾರೆ. ಸರ್ವನಾಮಗಳ ಬಗೆಗಿನ ಅವರ ಇಂಗ್ಲಿಷ್ ಗ್ರಂಥವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ 2004ರಲ್ಲಿ ಪ್ರಕಟಿಸಿತು. ನಾನು, ನೀನು ಎಂಬುವು ಬೇರೆ ಜಾತಿ, ಅವನು, ಅವಳು ಎಂಬುವು ಬೇರೆ ಜಾತಿ ಎಂಬುದು ಅಲ್ಲಿಯ ಮುಖ್ಯ ವಾದ. ಕನ್ನಡ ಅದಕ್ಕೆ ನೇರ ಸಾಕ್ಷಿ. ‘ಅವನು’ ಎಂಬಲ್ಲಿ ‘ಅ’ ದೂರವನ್ನು ತೋರುತ್ತದೆ, ‘ಇವನು’ ಎಂಬಲ್ಲಿ ‘ಇ’ ಹತ್ತಿರವನ್ನು. ಬೆರಳು ತೋರಿಸುವ ಪದಕ್ಕೆ ಲಿಂಗ ಸೇರಿದಾಗ ನಮ್ಮ ಸರ್ವನಾಮ. ಇಂಗ್ಲಿಷಿನ ಹಿ, ಅರಬಿಯ ಹುವ ದೂರ, ಹತ್ತಿರ ಏನನ್ನೂ ಹೇಳವು. ತೋರಿಸಲು ಆ ಭಾಷೆಗಳಲ್ಲಿ ಬೇರೆ ಪದಗಳಿವೆ. ಕನ್ನಡದಿಂದ ಅನುವಾದ ಮಾಡುವವರಿಗೆ ಲಿಂಗಕ್ಕಿಂತ ಹೆಚ್ಚು ಕಾಡುವುದು ಈ ಇವನು, ಅವನು.

ಮದರಸಾದ ಪಟ್ಟಿಯ ಕ್ರಮದ ಬಗ್ಗೆಯೂ ಒಂದು ಮಾತು. ಇಂಗ್ಲಿಷ್ ಪಟ್ಟಿ ‘ನಾನು’ ಎಂದು ಆರಂಭವಾಗುತ್ತದೆ. ಅರಬಿಯ ಸಾಂಪ್ರದಾಯಿಕ ಪಟ್ಟಿ ಆರಂಭವಾಗುವುದು ‘ಅವನು’ ಎಂದು: ಮೊದಲು ಎದುರಿಗಿಲ್ಲದವನು, ಆಮೇಲೆ ಎದುರಿಗಿರುವವನು, ಕೊನೆಗೆ ಮಾತಾಡುವವನು. ಕ್ರಿಯಾಪದದ ಹದಿನಾಲ್ಕು ರೂಪಗಳನ್ನೂ ಈ ಕ್ರಮದಲ್ಲೇ ಕಲಿಸುತ್ತಾರೆ. ಸಂಸ್ಕೃತ ವ್ಯಾಕರಣದ, ಅದನ್ನು ಅನುಸರಿಸಿದ ನಮ್ಮ ವ್ಯಾಕರಣದ ‘ಪ್ರಥಮ ಪುರುಷ’ವೂ ‘ಅವನು’ ಎಂಬುದೇ. ಇಂಗ್ಲಿಷಿನ ಮೊದಲ ಪುರುಷ ನಮಗೆ ಉತ್ತಮ ಪುರುಷ, ಅಂದರೆ ಕೊನೆಯದು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳ ಅರ್ಧ ಗೊಂದಲ ಕಳೆಯುತ್ತದೆ.

ಬರವಣಿಗೆಯಲ್ಲಿ ಅರಬಿಯ ಈ ಲಿಂಗಭೇದದ ಒಂದಂಶ ಕಾಣದೆಯೇ ಹೋಗುತ್ತದೆ. ಅರಬಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕುರಾನಿನಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಸ್ವರಚಿಹ್ನೆಗಳಿರುತ್ತವೆ. ಪತ್ರಿಕೆಯಲ್ಲಿ, ಫೋನಿನ ಸಂದೇಶದಲ್ಲಿ ಇರುವುದಿಲ್ಲ. ಆಗ ‘ಅಂತ’, ‘ಅಂತಿ’ ಎರಡೂ ಒಂದೇ ಬರಹ. ‘ನಾನು ಬರೆದೆ’, ‘ನೀನು ಬರೆದೆ’ ಎಂದು ಗಂಡಸಿಗೆ, ಹೆಂಗಸಿಗೆ, ಜೊತೆಗೆ ‘ಅವಳು ಬರೆದಳು’ ಎಂಬ ನಾಲ್ಕು ರೂಪಗಳೂ ಕಾಗದದ ಮೇಲೆ ಒಂದೇ ನಾಲ್ಕಕ್ಷರ. ಓದುವವರು ಸಂದರ್ಭ ನೋಡಿ ಸ್ವರ ತುಂಬಿಕೊಳ್ಳಬೇಕು. ಸ್ವರಚಿಹ್ನೆಯಿರುವ ಪಾಠಪುಸ್ತಕದಲ್ಲಿ ಕಲಿತು, ನೇರವಾಗಿ ಪತ್ರಿಕೆ ಹಿಡಿದ ವಿದ್ಯಾರ್ಥಿ ಇಲ್ಲಿ ಕಂಗಾಲಾಗುವುದು ಸಹಜ.

ಆಡುಮಾತಿನ ಅರಬಿಯಲ್ಲಂತೂ ಪುಸ್ತಕದ ಪಟ್ಟಿ ಪೂರ್ತಿ ಉಳಿದಿಲ್ಲ. ದ್ವಿವಚನದ ಸರ್ವನಾಮ ಆಡುಮಾತಿನಲ್ಲಿ ಮಾಯವಾಗಿದೆ. ಕೈರೋದಂಥ ದೊಡ್ಡ ನಗರಗಳಲ್ಲಿ ‘ಹುನ್ನ’, ‘ಅಂತುನ್ನ’ ಇಲ್ಲ. ಹೆಂಗಸರ ಗುಂಪಿಗೂ ಗಂಡಸರ ಗುಂಪಿಗೂ ಒಂದೇ ರೂಪ. ಅರೇಬಿಯಾದ ಒಳನಾಡಿನ ಕೆಲವು ಉಪಭಾಷೆಗಳಲ್ಲಿ ಹೆಂಗಸರ ಬಹುವಚನ ಇನ್ನೂ ಜೀವಂತವಾಗಿದೆ. ಏಕವಚನದ ‘ಇಂತ, ಇಂತಿ’ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆ ಗಟ್ಟಿ. ಕೊಲ್ಲಿ ದೇಶಗಳಲ್ಲಿ ದಕ್ಷಿಣ ಏಷ್ಯಾದ ಕೆಲಸಗಾರರೂ ಅಲ್ಲಿಯ ಯಜಮಾನರೂ ತಮ್ಮ ನಡುವೆ ಬಳಸುವ ಮುರುಕು ಅರಬಿಯೊಂದಿದೆ. ಭಾಷಾವಿಜ್ಞಾನಿಗಳು ಅದನ್ನು ಕೊಲ್ಲಿಯ ಪಿಜಿನ್ ಎಂದು ಅಧ್ಯಯನ ಮಾಡಿದ್ದಾರೆ. ಅದರಲ್ಲಿ ಗಂಡಸಿಗೂ ಹೆಂಗಸಿಗೂ ‘ಇಂತ’ ಎಂಬುದೇ ಸಾಮಾನ್ಯ. ಕರಾವಳಿಯಿಂದ ದುಡಿಯಲು ಹೋದವರು ಮದರಸಾದಲ್ಲಿ ಕಲಿತ ಹನ್ನೆರಡನ್ನು ಅಲ್ಲಿ ಕೇಳುವುದಿಲ್ಲ. ಆ ಮುರುಕು ಮಾತನ್ನು ಕೀಳೆಂದು ನೋಡಬಾರದು. ಎರಡು ಭಾಷೆಯವರು ಕೆಲಸ ನಡೆಸಬೇಕಾದಾಗ ಬಿಟ್ಟುಕೊಡುವವುಗಳಲ್ಲಿ ಲಿಂಗವೂ ಒಂದು ಎಂಬುದನ್ನು ಅದು ತೋರಿಸುತ್ತದೆ.

ಇನ್ನು, ಗಂಡು ಹೆಣ್ಣು ಇಬ್ಬರೂ ಇದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆ. ಅರಬಿಯ ಶಾಸ್ತ್ರ ನಿಯಮ ಕಟ್ಟುನಿಟ್ಟು: ಹೆಂಗಸರ ಗುಂಪಿನಲ್ಲಿ ಒಬ್ಬ ಗಂಡಸಿದ್ದರೂ ‘ಹುಂ’. 8ನೇ ಶತಮಾನದ ವೈಯಾಕರಣ ಸೀಬವೈಹಿ ಪುಲ್ಲಿಂಗವೇ ಮೂಲ, ಸ್ತ್ರೀಲಿಂಗ ಅದರಿಂದ ಬಂದದ್ದು ಎಂದು ನಿಲುವು ತಳೆದಿದ್ದ. ಇದನ್ನು ಪ್ರಶ್ನಿಸಿದ್ದು ಇಂದಿನವರೇ ಮೊದಲಲ್ಲ. ಕುರಾನಿನ 33ನೇ ಅಧ್ಯಾಯದ 35ನೇ ವಚನ ವಿಶ್ವಾಸಿ ಪುರುಷರು, ವಿಶ್ವಾಸಿ ಸ್ತ್ರೀಯರು ಎಂಬ ರೀತಿಯಲ್ಲಿ ಹತ್ತು ಜೋಡಿಗಳನ್ನು ಬಿಡಿಬಿಡಿಯಾಗಿ ಹೆಸರಿಸುತ್ತದೆ. ಈ ವಚನ ಬರುವ ಮೊದಲು, ಸ್ತ್ರೀಯರನ್ನು ಬೇರೆಯಾಗಿ ಯಾಕೆ ಹೇಳುವುದಿಲ್ಲ ಎಂದು ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಕೇಳಿದ್ದರು ಎಂದು ಪರಂಪರೆ ವರದಿ ಮಾಡುತ್ತದೆ.

ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ಕಾನೂನಿನಿಂದ ಮಾಡಿಸಿದರು. ಭಾರತದ 1860ರ ದಂಡ ಸಂಹಿತೆಯ 8ನೇ ಸೆಕ್ಷನ್ ‘ಹಿ’ ಎಂಬ ಸರ್ವನಾಮ ಗಂಡು ಹೆಣ್ಣು ಇಬ್ಬರಿಗೂ ಅನ್ವಯ ಎಂದಿತು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿಯೂ ಅದೇ ಮಾತಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದೇ ‘ಹಿ’ಯೊಳಗೆ ತೃತೀಯ ಲಿಂಗಿಗಳನ್ನೂ ಸೇರಿಸಿತು, ಸುಪ್ರೀಂ ಕೋರ್ಟು 2014ರಲ್ಲಿ ತೃತೀಯ ಲಿಂಗವನ್ನು ಮಾನ್ಯ ಮಾಡಿದ ಹತ್ತು ವರ್ಷಕ್ಕೆ. ಜನರ ಬಾಯಲ್ಲಿ ಮಾತ್ರ ಇಂಗ್ಲಿಷ್ ಬೇರೆ ದಾರಿ ಹಿಡಿದಿತ್ತು. ಒಬ್ಬರಿಗೇ ‘ದೇ’ ಎನ್ನುವ ರೂಢಿ 14ನೇ ಶತಮಾನದಿಂದ ಇದೆ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟು ಅದನ್ನು ವರ್ಷದ ಪದವೆಂದು ಆರಿಸಿತು.

ಕನ್ನಡಿಗರಿಗೆ ಈ ಗದ್ದಲ ಅಷ್ಟು ತಾಗದಿರಲು ‘ಅವರು’ ಕಾರಣ. ಅಜ್ಜಿ ಬಂದರು, ಡಾಕ್ಟರು ಬಂದರು, ಮೇಡಂ ಬಂದರು. ಮರ್ಯಾದೆ ಬಂದಲ್ಲಿ ಲಿಂಗ ಹೋಗುತ್ತದೆ. ಕುಂದಾಪ್ರ ಕನ್ನಡದಲ್ಲಿ ಮಾರಾಯ, ಮಾರಾಯ್ತಿ ಎಂದು ಸಲಿಗೆಯಲ್ಲಿ ಬೇರೆಯಾದದ್ದು ‘ಎಂತ ಮಾರಾಯ್ರೆ’ ಎಂದಾಗ ಒಂದೇ. ‘ಹ್ವಾಯ್’ ಎಂದು ಕರೆದರೆ ಗಂಡಸೂ ತಿರುಗುತ್ತಾರೆ, ಹೆಂಗಸೂ ತಿರುಗುತ್ತಾರೆ. ಹಾಗಾಗಿ ಹೆಡ್‌ಮಾಸ್ತರರನ್ನು ಇಂಗ್ಲಿಷಿನಲ್ಲಿ ‘ಹಿ’ ಎನ್ನಲು ನಮ್ಮ ಮಕ್ಕಳಿಗೆ ನಾಲಿಗೆ ಏಳುವುದಿಲ್ಲ. ‘ದೇ’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಳ್ಳುತ್ತಾರೆ. ಆ ‘ದೇ’ಯ ಹಿಂದೆ ‘ಅವರು’ ಇದೆ ಎಂದು ತಿಳಿದ ಮೇಷ್ಟ್ರು ಗೆರೆ ಹಾಕುವ ಮೊದಲು ವಿವರಿಸುತ್ತಾರೆ. ಅರಬಿಯಲ್ಲಿ ಔಪಚಾರಿಕ ಪತ್ರಗಳಲ್ಲಿ ಒಬ್ಬರಿಗೇ ಬಹುವಚನದ ‘ಅಂತುಂ’ ಬಳಸುವುದುಂಟು, ಆದರೆ ಗುರುಗಳ ಬಗ್ಗೆ ಮಾತಾಡುವಾಗ ‘ಹುವ’ ಎಂದರೆ ಅಗೌರವವೇನಿಲ್ಲ. ಮರ್ಯಾದೆಯೂ ಲಿಂಗವೂ ಬೇರೆ ಬೇರೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡದೆ ಈ ಅಳುಕು ಹೋಗುವುದಿಲ್ಲ.

ಆದ್ದರಿಂದ ಗಂಗೊಳ್ಳಿ, ಶಿರೂರು, ಬೈಂದೂರು, ಭಟ್ಕಳದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ, ಉಸ್ತಾದರಲ್ಲಿ ನನ್ನದೊಂದು ಕೋರಿಕೆ. ಒಂದು ಮಧ್ಯಾಹ್ನ ಒಟ್ಟಿಗೆ ಕೂತು ಐದು ಕಾಲಮ್ಮಿನ ಒಂದು ಪಟ್ಟಿ ಮಾಡಿ: ಕನ್ನಡ, ಕೊಂಕಣಿ ಅಥವಾ ನವಾಯತಿ, ಉರ್ದು, ಅರಬಿ, ಇಂಗ್ಲಿಷ್. ನಾನು, ನೀನು, ಅವನು, ಅವಳು, ಅದು, ಅವರು, ಅವು ಎಂಬ ಏಳು ಸಾಲು ಸಾಕು. ಮನೆಮಾತಿನ ಕಾಲಮ್ಮನ್ನು ನೀವು ತುಂಬಬೇಡಿ, ಮಕ್ಕಳೇ ತುಂಬಲಿ. ಅದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಆ ಹಾಳೆಯನ್ನು ಮದರಸಾದ ಗೋಡೆಗೂ ಶಾಲೆಯ ಗೋಡೆಗೂ ಅಂಟಿಸಿ.